ಇನ್ನೂ ಜೋಡೆತ್ತು ಕಟ್ಟಿರುವ ಅರಸೀಕೆರೆ ಸೀಮೆಯವರಿಗೆ

ಕಸಬಾ, ಬಾಣಾವರ, ಕಣಕಟ್ಟೆ, ಜಾವಗಲ್, ಗಂಡಸಿ, ಈ ಐದೂ ಹೋಬಳಿಗಳ ಕೊಟ್ಟಿಗೆಗಳಲ್ಲಿ ಇನ್ನೂ ಜೋಡೆತ್ತು ಉಳಿಸಿಕೊಂಡಿರುವ ಅಣ್ಣಂದಿರೇ, ಅವುಗಳ ಹುಲ್ಲು ನೀರು ನೋಡಿಕೊಳ್ಳುವ ಅಕ್ಕಂದಿರೇ, ಹೊಸದಾಗಿ ಮೂಗುದಾರದ ಹಗ್ಗ ಹಿಡಿದು ಗಾಡಿ ಹೊಡೆಯಲು ಕೂತಿರುವ ತಮ್ಮಂದಿರೇ,



ನಾನೂ ಈ ಸೀಮೆಯ ರೈತರ ಮನೆಯವನೇ. ಒಂದು ಸಂಗತಿ ಮನಸ್ಸನ್ನು ಕೊರೆಯುತ್ತಿದೆ, ಅದಕ್ಕೇ ಬರೆಯುತ್ತಿದ್ದೇನೆ. ಊರೂರಲ್ಲಿ ಎತ್ತು ಕಡಿಮೆಯಾಗಿವೆ, ಇದು ನಿಮಗೆ ಗೊತ್ತಿರುವುದೇ. ಎತ್ತು ಕಡಿಮೆಯಾದಂತೆ ಉಳಿದ ಎತ್ತುಗಳ ಕಷ್ಟ ಮಾತ್ರ ಹೆಚ್ಚಾಗುತ್ತಿದೆ. ಟ್ರ್ಯಾಕ್ಟರು ಬಂತಲ್ಲ, ಇನ್ನು ಮೂಕಪ್ರಾಣಿಗಳ ಹೆಗಲು ಹಗುರಾಯಿತು ಎಂದು ಎಲ್ಲರೂ ಅಂದುಕೊಂಡರು. ಹೊಲ ಉಳುವ ಮಟ್ಟಿಗೆ ಅದು ನಿಜವೂ ಹೌದು. ಆದರೆ ತೋಟದಿಂದ ರಸ್ತೆಗೆ ಕಾಯಿ ಹೊರಡಿಸಲು, ಮಳೆಗೆ ಮುಂಚೆ ತಿಪ್ಪೆ ಗೊಬ್ಬರ ಹೊಲಕ್ಕೆ ಹೊಡೆಯಲು, ರಾಗಿ ಹೊರೆ ಕಣಕ್ಕೆ ತರಲು, ಮೆದೆಗೆ ಹುಲ್ಲು ಸಾಗಿಸಲು ಇವತ್ತಿಗೂ ಗಾಡಿ ಕಟ್ಟುತ್ತೇವೆ. ಗಾಡಿ ಉಳಿಯಿತು, ಗಾಡಿಯ ಸುತ್ತ ಇದ್ದ ತಿಳಿವಳಿಕೆ ಕರಗುತ್ತಿದೆ. ಆ ಕೊರತೆಯನ್ನು ತುಂಬುತ್ತಿರುವುದು ಎತ್ತಿನ ಮೈ.

ಮನೆಮನೆಗೂ ಎತ್ತು ಇದ್ದ ಕಾಲದಲ್ಲಿ ಒಂದು ಜೋಡಿಯ ಹಿಂದೆ ಊರಿಗೆ ಊರೇ ಇರುತ್ತಿತ್ತು. ನೊಗ ಕೆತ್ತಲು ಆಚಾರಿ, ಅಚ್ಚು ಪಟ್ಟಿ ನೋಡಲು ಕಮ್ಮಾರ, ಲಾಳ ಕಟ್ಟಲು ಸಂತೆಗೆ ಬರುವ ಸಾಬರು, ಹಲ್ಲು ನೋಡಿ ವಯಸ್ಸು ಹೇಳುವ ಅಜ್ಜಂದಿರು. ಹೇರು ತಪ್ಪಾಗಿದ್ದರೆ ಅರಳಿಕಟ್ಟೆಯ ಮೇಲೆ ಕೂತವರೇ ಗಾಡಿ ನಿಲ್ಲಿಸಿ ಗದರುತ್ತಿದ್ದರು. ಈಗ ಗದರುವವರೂ ಇಲ್ಲ, ನೊಗ ಕೆತ್ತುವವರೂ ಸಿಗುವುದಿಲ್ಲ. ಹಳೆಯ ನೊಗಕ್ಕೆ ಕಬ್ಬಿಣದ ಪಟ್ಟಿ ಬಿಗಿದೋ, ವೆಲ್ಡಿಂಗ್ ಅಂಗಡಿಯಲ್ಲಿ ಪೈಪ್ ಕತ್ತರಿಸಿಕೊಂಡೋ ಕೆಲಸ ನಡೆಸುತ್ತೇವೆ. ಹೊಸ ಹುಡುಗರಿಗೆ ಹೇಳಿಕೊಡುವವರಿಲ್ಲದೆ ಬಾರುಕೋಲೇ ಗುರುವಾಗಿದೆ.

ಈ ತಿಳಿವಳಿಕೆಯ ಬೆಲೆ ಎಷ್ಟು ಎನ್ನುವುದಕ್ಕೆ ನಮ್ಮ ನೆರೆಯಲ್ಲೇ ಒಂದು ದೊಡ್ಡ ಕಥೆಯಿದೆ. ಬೀರೂರು, ಕಡೂರು, ಅಜ್ಜಂಪುರದ ಕಡೆ ಹೋದವರೆಲ್ಲ ಅಮೃತ ಮಹಲ್ ಕಾವಲುಗಳನ್ನು ನೋಡಿರುತ್ತೀರಿ. ಅವು ಮೈಸೂರಿನ ಅರಸರು ಬೆಳೆಸಿದ ದನಗಳ ಇಲಾಖೆಯ ಹುಲ್ಲುಗಾವಲುಗಳು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಆ ಇಲಾಖೆಗೆ ಬೆಣ್ಣೆ ಚಾವಡಿ ಎಂದು ಹೆಸರಿತ್ತು. ಅಮೃತ ಮಹಲ್ ಎಂಬ ಹೆಸರು ಟಿಪ್ಪು ಕಾಲದ್ದು. ಆ ತಳಿಗೆ ಹೆಸರು ತಂದುಕೊಟ್ಟದ್ದು ಹಾಲಲ್ಲ, ಸೈನ್ಯದ ಫಿರಂಗಿ ಮತ್ತು ಸಾಮಾನು ಎಳೆಯುವ ಕಸುವು. ಈ ಎತ್ತುಗಳ ಬಲದಿಂದ ಹೈದರಾಲಿ ಚಿದಂಬರದ ನೆರವಿಗೆ ಎರಡೂವರೆ ದಿನದಲ್ಲಿ 100 ಮೈಲಿ ನಡೆದ. ಇಂಗ್ಲಿಷರ ಜನರಲ್ ಮೆಡೋಸ್‌ನ ಸೈನ್ಯದ ಮುಂದೆ ಟಿಪ್ಪು ಎರಡು ದಿನದಲ್ಲಿ 63 ಮೈಲಿ ಸಾಗಿದ ಎಂದು ಮೈಸೂರು ಗ್ಯಾಸೆಟಿಯರ್ ದಾಖಲಿಸಿದೆ. 1799ರಲ್ಲಿ ಟಿಪ್ಪು ಮಡಿದ ನಂತರ ಈ ದನಗಳು ಇಂಗ್ಲಿಷರ ಕೈಗೆ ಹೋದವು. ಮುಂದೆ ವೆಲಿಂಗ್ಟನ್ ಡ್ಯೂಕ್ ಆದ ಆರ್ಥರ್ ವೆಲ್ಲೆಸ್ಲಿ ಇಲ್ಲಿ ಅವುಗಳ ದುಡಿಮೆ ಕಂಡವನು. ಸ್ಪೇನಿನ ಯುದ್ಧದಲ್ಲಿ ಅವು ತನ್ನ ಬಳಿ ಇಲ್ಲವಲ್ಲ ಎಂದು ಹಳಹಳಿಸಿದನಂತೆ.

ಆ ಎತ್ತುಗಳ ಕಸುವು ಎಲ್ಲಿಂದ ಬಂತು? ತಳಿಯ ಗುಣ ಒಂದು ಪಾಲು. ಇನ್ನೊಂದು ಪಾಲು ಕಾವಲುಗಳದ್ದು. ಬೇಸಿಗೆಗೆ ಬೇರೆ, ಮಳೆಗಾಲಕ್ಕೆ ಬೇರೆ, ಚಳಿಗಾಲಕ್ಕೆ ಬೇರೆ ಕಾವಲುಗಳನ್ನು ಗೊತ್ತುಮಾಡಿ, ನೀರು ನೆರಳು ಹುಲ್ಲು ಯಾವ ತಿಂಗಳಲ್ಲಿ ಎಲ್ಲಿ ಸಿಗುತ್ತದೋ ಅಲ್ಲಿಗೆ ಹಿಂಡನ್ನು ಸಾಗಿಸುತ್ತಿದ್ದರು. ಮೊದಲು ಮೇವು ಮತ್ತು ಆರಾಮ, ಆಮೇಲೆ ದುಡಿಮೆ.

ಇದಕ್ಕೆ ವಿರುದ್ಧವಾದ ಉದಾಹರಣೆಯೂ ಟಿಪ್ಪುವಿಗೂ ಇಂಗ್ಲಿಷರಿಗೂ ನಡೆದ ಅದೇ ಯುದ್ಧಗಳಲ್ಲಿದೆ. 1791ರ ಮೇ ತಿಂಗಳಲ್ಲಿ ಇಂಗ್ಲಿಷ್ ಸೇನಾಪತಿ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಹೊಸ್ತಿಲವರೆಗೂ ಬಂದು ಅರಕೆರೆಯ ಕಾಳಗದಲ್ಲಿ ಗೆದ್ದ. ಆದರೆ ಮಳೆ ಹಿಡಿದುಕೊಂಡಿತ್ತು, ಮೇವಿಲ್ಲದೆ ಅವನ ಎತ್ತುಗಳು ಸಾಲುಸಾಲಾಗಿ ಬಿದ್ದವು. ಎಳೆಯುವ ಪ್ರಾಣಿ ಇಲ್ಲದ ಮೇಲೆ ಗೆದ್ದ ಸೈನ್ಯ ಕೋಟೆ ಒಡೆಯುವ ತನ್ನ ಭಾರಿ ಫಿರಂಗಿಗಳನ್ನು ತಾನೇ ಹಾಳುಮಾಡಿ ಹಿಂದಿರುಗಬೇಕಾಯಿತು. ಮರುವರ್ಷ ಅವನು ಮತ್ತೆ ಬರಲು ಸಾಧ್ಯವಾದದ್ದು ಬಂಜಾರರ ಹೇರೆತ್ತುಗಳು ಧಾನ್ಯ ಹೊತ್ತು ತಂದದ್ದರಿಂದ. ನಮ್ಮ ತಾಂಡಾಗಳ ಲಂಬಾಣಿ ಬಂಧುಗಳ ಹಿರೀಕರು ಸಾವಿರಾರು ಎತ್ತುಗಳ ಬೆನ್ನಿಗೆ ಉಪ್ಪು, ಧಾನ್ಯ ಹೇರಿಕೊಂಡು ದೇಶ ಸುತ್ತಿದವರು. ದಾರಿಯಲ್ಲಿ ಮೇಯಲು ಬಿಟ್ಟು, ನೀರಿರುವಲ್ಲಿ ಹೇರು ಇಳಿಸಿ ನಡೆಸುವ ವಿದ್ಯೆ ಅವರದ್ದು. ದೊಡ್ಡ ದೊರೆಯ ಖಜಾನೆಗೆ ಸಾಧ್ಯವಾಗದ್ದು ಆ ವಿದ್ಯೆಗೆ ಸಾಧ್ಯವಾಯಿತು.

ಇನ್ನೊಂದು ಸಂಗತಿಯನ್ನೂ ನೆನಪಿನಲ್ಲಿಡಬೇಕು. 1860ರಲ್ಲಿ ಖರ್ಚು ಉಳಿಸುವ ಹೆಸರಿನಲ್ಲಿ ಸರ್ಕಾರ ಅಮೃತ ಮಹಲ್ ಇಲಾಖೆಯನ್ನೇ ಮುಚ್ಚಿ ದನಗಳನ್ನು ಮಾರಿಬಿಟ್ಟಿತು. ಕೆಲವೇ ವರ್ಷಗಳಲ್ಲಿ ತಪ್ಪಿನ ಅರಿವಾಗಿ 1866ರಲ್ಲಿ ಮತ್ತೆ ಆರಂಭಿಸಬೇಕಾಯಿತು. ಚದುರಿಹೋದ ದನಗಳನ್ನು ಹುಡುಕಿ ಹುಡುಕಿ ತರಬೇಕಾಯಿತು. ಸರ್ಕಾರದ ಬಳಿ ಹಣವಿತ್ತು, ಅಧಿಕಾರವಿತ್ತು, ಮತ್ತೆ ಕಟ್ಟಿತು. ನಮ್ಮ ಊರಿನ ಆಚಾರಿಯ ಕೈಕೆಲಸ, ಅಜ್ಜನ ಕಣ್ಣಳತೆ ಹೋದರೆ ಮತ್ತೆ ಕಟ್ಟಿಕೊಡುವವರು ಯಾರು?

ಈಗ ನಮ್ಮ ಗಾಡಿಗೆ ಬರೋಣ. ಮೊದಲನೆಯದು ಹೇರಿನ ಸಮತೂಕ. ತಮ್ಮಂದಿರು ಇದನ್ನು ನಿಧಾನವಾಗಿ ಓದಬೇಕು. ನಮ್ಮದು ಎರಡು ಚಕ್ರದ ಗಾಡಿ. ಅಚ್ಚಿನ ಮೇಲೆ ತಕ್ಕಡಿಯ ಹಾಗೆ ನಿಲ್ಲುತ್ತದೆ. ಹೇರು ಮುಂದಕ್ಕೆ ಹೆಚ್ಚಾದರೆ ಮೂಕಿಯ ಭಾರವೆಲ್ಲ ನೊಗದ ಮೂಲಕ ಎತ್ತಿನ ಹೆಗಲ ಮೇಲೆ ಕೂರುತ್ತದೆ. ಆಗ ಎತ್ತು ಎಳೆಯುವುದರ ಜೊತೆಗೆ ಹೊರಲೂ ಬೇಕು. ಹಿಂದಕ್ಕೆ ಹೆಚ್ಚಾದರೆ ಮೂಕಿ ಮೇಲೇಳುತ್ತದೆ, ಕೊರಳ ಹಗ್ಗ ಗಂಟಲನ್ನು ಒತ್ತುತ್ತದೆ, ಏರಿನಲ್ಲಿ ಎತ್ತಿಗೆ ಉಸಿರೇ ಸಿಕ್ಕುವುದಿಲ್ಲ. ಸರಿಯಾಗಿ ಹೇರಿದ ಗಾಡಿಯಲ್ಲಿ, ಎತ್ತು ಕಟ್ಟುವ ಮುಂಚೆ, ನೊಗವನ್ನು ಒಬ್ಬನೇ ಆಳು ಸಲೀಸಾಗಿ ಎತ್ತಿ ಇಳಿಸಬಹುದು. ಬಿಟ್ಟರೆ ನೊಗ ಮೆಲ್ಲಗೆ ಕೆಳಗೆ ಕೂರಬೇಕು, ದಡಕ್ಕನೆ ಬೀಳಬಾರದು, ಮೇಲಕ್ಕೂ ಚಿಮ್ಮಬಾರದು. ಈ ಪರೀಕ್ಷೆಗೆ ಅರ್ಧ ನಿಮಿಷ ಸಾಕು. ಕಾಯಿ ತುಂಬಿದರೂ ಗೊಬ್ಬರ ತುಂಬಿದರೂ ಮೊದಲು ಅಚ್ಚಿನ ನೇರಕ್ಕೆ ತುಂಬಿ, ಆಮೇಲೆ ಹಿಂದೆ ಮುಂದೆ ಸರಿತೂಗಿಸಿ, ನೊಗ ಎತ್ತಿ ನೋಡಿ, ಆನಂತರವೇ ಎತ್ತು ಕಟ್ಟಿ. ಇಳಿಸುವಾಗಲೂ ಹಾಗೆಯೇ. ಹಿಂದಿನ ಮೂಟೆಗಳನ್ನಷ್ಟೇ ಮೊದಲು ಇಳಿಸುತ್ತಾ ಹೋದರೆ ಉಳಿದ ಭಾರವೆಲ್ಲ ಹೆಗಲಿಗೆ ಬರುತ್ತದೆ. ಎತ್ತು ಬಿಚ್ಚಿ, ಊರುಗೋಲು ಕೊಟ್ಟು, ಆಮೇಲೆ ಇಳಿಸಿ.

ಎರಡನೆಯದು ಭಾರದ ಲೆಕ್ಕ. ಸುಲಿದ ಸಾವಿರ ತೆಂಗಿನಕಾಯಿ ಎಂದರೆ ಹೆಚ್ಚುಕಡಿಮೆ ಐದಾರು ಕ್ವಿಂಟಾಲ್. ಸುಲಿಯದ ಕಾಯಾದರೆ ಸಿಪ್ಪೆಯ ತೂಕವೂ ಸೇರಿ ಅಷ್ಟೇ ಕಾಯಿಗೆ ಭಾರ ಇನ್ನೂ ಹೆಚ್ಚು. ಹಸಿ ಗೊಬ್ಬರ, ನೆನೆದ ಮರಳು ಕಣ್ಣಿಗೆ ಕಾಣುವುದಕ್ಕಿಂತ ಬಹಳ ಭಾರ. ಎತ್ತು ದಿನವಿಡೀ ಬಳಲದೆ ಎಳೆಯಬಲ್ಲ ಬಲ ಸುಮಾರಾಗಿ ಅದರ ಮೈತೂಕದ ಹತ್ತನೇ ಒಂದು ಪಾಲು ಎಂಬುದು ತಿಳಿದವರ ಲೆಕ್ಕ. ನಾಲ್ಕು ನಾಲ್ಕು ಕ್ವಿಂಟಾಲಿನ ಜೋಡಿಯಾದರೆ ಎರಡೂ ಸೇರಿ 80 ಕೆ.ಜಿ.ಯಷ್ಟು ಎಳೆತ. ಗಟ್ಟಿ ಡಾಂಬರಿನ ಮೇಲೆ ಟೈರ್ ಗಾಡಿಯಲ್ಲಿ ಒಂದು ಟನ್ ಉರುಳಿಸಲು ಇದರ ಅರ್ಧವೂ ಬೇಕಾಗುವುದಿಲ್ಲ. ಅದೇ ಗಾಡಿ ಉತ್ತ ಹೊಲಕ್ಕೆ, ಕೆಸರಿಗೆ ಇಳಿದರೆ ಅಥವಾ ಹತ್ತು ಅಡಿಗೆ ಒಂದು ಅಡಿ ಏರುವ ದಿಣ್ಣೆ ಹತ್ತಿದರೆ ಬೇಕಾಗುವ ಎಳೆತ 100 ಕೆ.ಜಿ. ದಾಟುತ್ತದೆ. ನಾವು ಮೋಸ ಹೋಗುವುದು ಇಲ್ಲೇ. ಡಾಂಬರಿನ ಮೇಲೆ ಎತ್ತು ಸರಾಗ ನಡೆದದ್ದು ನೋಡಿ ಅದೇ ಹೇರನ್ನು ತೋಟದೊಳಗಿನ ಮೆದು ನೆಲದಲ್ಲೂ ತುಂಬಿಬಿಡುತ್ತೇವೆ. ಹೇರು ನಿಗದಿ ಮಾಡಬೇಕಾದದ್ದು ದಾರಿಯಲ್ಲಿ ಸಿಗುವ ಅತಿ ಕೆಟ್ಟ ಜಾಗವನ್ನು ನೋಡಿ. ಒಂದು ಸಲಕ್ಕೆ ಮುಗಿಸುವ ಆಸೆ ಬಿಟ್ಟು ಎರಡು ಸಲ ಹೊಡೆದರೆ ನಷ್ಟವೇನೂ ಇಲ್ಲ. ಹೆಗಲು ಒಡೆದ ಎತ್ತು ಕೊಟ್ಟಿಗೆಯಲ್ಲಿ ತಿಂಗಳುಗಟ್ಟಲೆ ನಿಲ್ಲುವ ನಷ್ಟದ ಮುಂದೆ ಅದು ಏನೇನೂ ಅಲ್ಲ. ಇಳಿಜಾರಿನಲ್ಲಿ ಇನ್ನೂ ಎಚ್ಚರ ಬೇಕು. ಬ್ರೇಕ್ ಇಲ್ಲದ ಟೈರ್ ಗಾಡಿ ಹೇರಿನೊಡನೆ ಇಳಿಯುವಾಗ ಅಷ್ಟೂ ಭಾರವನ್ನು ಎತ್ತುಗಳೇ ಮೈಕೊಟ್ಟು ತಡೆಯಬೇಕಾಗುತ್ತದೆ. ಹೊಸ ಗಾಡಿ ಮಾಡಿಸುವವರು ಬ್ರೇಕ್ ಹಾಕಿಸದೆ ಮನೆಗೆ ತರಬೇಡಿ.

ಮೂರನೆಯದು ಹೆಗಲು. ಸಂಜೆ ನೊಗ ಬಿಚ್ಚಿದ ಮೇಲೆ ಅಂಗೈ ಇಟ್ಟು ಹೆಗಲನ್ನು ಸವರಿ ನೋಡಿ. ಒಂದು ಕಡೆ ಬಿಸಿ ಹೆಚ್ಚಿದ್ದರೆ, ಒತ್ತಿದಾಗ ಎತ್ತು ಚರ್ಮ ಅದುರಿಸಿದರೆ, ಕೂದಲು ಉಜ್ಜಿಹೋಗಿ ಚರ್ಮ ಮಿರುಗುತ್ತಿದ್ದರೆ ಅದು ಬಾವಿನ ಮೊದಲ ಗುರುತು. ಆ ಹಂತದಲ್ಲಿ ಕೆಲವು ದಿನ ನೊಗ ಹೂಡದೆ ಬಿಟ್ಟರೆ ಎಷ್ಟೋ ಸಲ ತಾನಾಗಿಯೇ ಇಳಿಯುತ್ತದೆ. ಅದರ ಮೇಲೇ ಮತ್ತೆ ನೊಗ ಇಟ್ಟರೆ ಗಡ್ಡೆ ಕಟ್ಟುತ್ತದೆ, ಒಡೆಯುತ್ತದೆ, ನೊಣ ಕೂತು ಹುಳ ಬೀಳುತ್ತದೆ. ಸುಟ್ಟ ಇಂಜಿನ್ ಆಯಿಲ್ ಬಳಿಯುವುದು, ಕಾಯಿಸಿದ ಕಬ್ಬಿಣದಿಂದ ಬರೆ ಎಳೆಯುವುದು ಇಂದಿಗೂ ಅಲ್ಲಲ್ಲಿ ನಡೆದಿದೆ, ದಯವಿಟ್ಟು ನಿಲ್ಲಿಸಿ. ಬರೆಯಿಂದ ಒಂದು ಗಾಯ ಎರಡಾಗುತ್ತದೆಯೇ ಹೊರತು ವಾಸಿಯಾಗುವುದಿಲ್ಲ. 1962ಕ್ಕೆ ಫೋನ್ ಮಾಡಿದರೆ ಪಶು ಸಂಚಾರಿ ಚಿಕಿತ್ಸಾಲಯದ ವಾಹನ ಊರಿಗೇ ಬರುವ ವ್ಯವಸ್ಥೆ ಈಗ ಇದೆ. ನೊಗದ ವಿಷಯಕ್ಕೆ ಬಂದರೆ, ಹೆಗಲಿಗೆ ತಾಗುವ ಜಾಗ ಅಗಲವಾಗಿ, ನುಣುಪಾಗಿ, ಅಂಚು ದುಂಡಾಗಿ ಇರಬೇಕು. ಕಡಿಮೆ ಜಾಗದ ಮೇಲೆ ಬಿದ್ದ ಭಾರ ಕೊರೆಯುತ್ತದೆ. ಅದೇ ಭಾರ ಅಗಲಕ್ಕೆ ಹರಡಿದರೆ ಎತ್ತು ತಡೆದುಕೊಳ್ಳುತ್ತದೆ. ಎತ್ತರ ಹೊಂದದ ಎರಡು ಎತ್ತು ಹೂಡಿದರೆ ನೊಗ ಓರೆಯಾಗಿ ಕುಳ್ಳ ಎತ್ತಿನ ಹೆಗಲೇ ಸವೆಯುತ್ತದೆ. ಕಬ್ಬಿಣದ ಪೈಪಿನ ನೊಗ ಬೇಸಿಗೆಯ ಬಿಸಿಲಿಗೆ ಹೇಗೆ ಕಾಯುತ್ತದೆ ಎಂದು ನಿಮ್ಮ ಅಂಗೈಯನ್ನೇ ಇಟ್ಟು ನೋಡಿ.

ಈ ನೊಗದ ಬಗ್ಗೆ ನಮ್ಮ ರಾಜ್ಯದಲ್ಲಿ ಕೆಲಸ ಮಾಡಿದ ಒಬ್ಬ ದೊಡ್ಡ ವಿದ್ವಾಂಸರೇ ದಶಕಗಳ ಹಿಂದೆ ಕೂಗಿ ಹೇಳಿದ್ದರು. ಬೆಂಗಳೂರಿನ ಐಐಎಂನ ಮೊದಲ ನಿರ್ದೇಶಕರಾಗಿದ್ದ ಪ್ರೊ. ಎನ್. ಎಸ್. ರಾಮಸ್ವಾಮಿಯವರು ಎತ್ತಿನ ಗಾಡಿಯನ್ನು ಅಧ್ಯಯನಕ್ಕೆ ಎತ್ತಿಕೊಂಡರು. ವಿಜ್ಞಾನ ರೈಲು ವಿಮಾನಗಳತ್ತ ನೋಡಿತು, ದೇಶದ ಬಡವರ ಸರಕು ಸಾಗಿಸುವ ಗಾಡಿಯನ್ನು ಮರೆಯಿತು ಎಂಬುದು ಅವರ ಸಂಕಟ. ನೊಗ, ಚಕ್ರ, ಬೇರಿಂಗ್ ಸುಧಾರಿಸಿದರೆ ಎತ್ತಿನ ನೋವೂ ತಗ್ಗುತ್ತದೆ, ರೈತನ ಸಂಪಾದನೆಯೂ ಏರುತ್ತದೆ ಎಂದು ಅವರು ವಾದಿಸಿದರು. ಅದಕ್ಕಾಗಿಯೇ ಬೆಂಗಳೂರಿನಲ್ಲಿ ಕಾರ್ಟ್‌ಮನ್ ಎಂಬ ಸಂಸ್ಥೆ ಕಟ್ಟಿದರು. ಅವರ ಮಾತು ನಮ್ಮ ಹಳ್ಳಿಗಳಿಗೆ ಎಷ್ಟು ತಲುಪಬೇಕಿತ್ತೋ ಅಷ್ಟು ತಲುಪಲಿಲ್ಲ. ಈಗಲಾದರೂ ತಲುಪಿಸಿಕೊಳ್ಳೋಣ.

ನಾಲ್ಕನೆಯದು ಲಾಳ. ಎತ್ತಿನ ಗೊರಸು ಸೀಳಿರುವುದರಿಂದ ಕಾಲಿಗೆ ಎರಡರಂತೆ ಒಂದು ಎತ್ತಿಗೆ ಎಂಟು ಲಾಳ, ಜೋಡಿಗೆ ಹದಿನಾರು. ಎತ್ತನ್ನು ಹಗ್ಗ ಹಾಕಿ ಮೆತ್ತನೆ ನೆಲದಲ್ಲಿ ಕೆಡವಿ, ಕಾಲು ಕಟ್ಟಿ, ಬೆಳೆದ ಗೊರಸನ್ನು ಸಮ ಕೆತ್ತಿ, ಮೊಳೆಯನ್ನು ಓರೆಯಾಗಿ ಗೊರಸಿನ ಹೊರಗೋಡೆಗೆ ಮಾತ್ರ ಇಳಿಸುವುದು ಪಳಗಿದ ಕೈಯ ಕೆಲಸ. ಒಂದು ಮೊಳೆ ಕೂದಲೆಳೆಯಷ್ಟು ಒಳಗೆ ಸರಿದರೂ ಜೀವಕ್ಕೆ ತಾಗಿ ಎತ್ತು ಕುಂಟುತ್ತದೆ. ಮೆದು ನೆಲದಲ್ಲಿ ದುಡಿಯುವ ಎತ್ತಿಗೆ ಲಾಳ ಅಷ್ಟು ಅಗತ್ಯವಲ್ಲ. ಡಾಂಬರು ತುಳಿಯುವ ಗಾಡಿ ಎತ್ತಿಗೆ ಬೇಕೇ ಬೇಕು. ಲಾಳ ಕಟ್ಟುವವರು ಈಗ ಬೆರಳೆಣಿಕೆಯಷ್ಟು. ನಾಲ್ಕೈದು ಊರಿನವರು ಕೂಡಿ ಒಂದು ದಿನ ಗೊತ್ತುಮಾಡಿ ಅವರನ್ನು ಕರೆಸಿದರೆ ಅವರಿಗೂ ಹೊಟ್ಟೆ ತುಂಬುತ್ತದೆ, ನಮ್ಮ ಎತ್ತಿಗೂ ಕಾಲು ಉಳಿಯುತ್ತದೆ. ಕೂಲಿಗೆ ಚೌಕಾಸಿ ಮಾಡಬೇಡಿ. ಅವರ ಮಕ್ಕಳು ಕಸುಬು ಬಿಡುವುದು ನಮ್ಮ ಚೌಕಾಸಿಯಿಂದಲೇ.

ಇನ್ನು ಕಾನೂನು. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಅಡಿಯಲ್ಲಿ ಎಳೆಯುವ ಮತ್ತು ಹೊರುವ ಪ್ರಾಣಿಗಳಿಗೆಂದೇ 1965ರಲ್ಲಿ ನಿಯಮಗಳಾಗಿವೆ. ದಿನಕ್ಕೆ ಒಟ್ಟು ಒಂಬತ್ತು ಗಂಟೆ ಮೀರಿ ದುಡಿಸಬಾರದು. ಐದು ಗಂಟೆಗಿಂತ ಹೆಚ್ಚು ಹೊತ್ತು ಬಿಡುವಿಲ್ಲದೆ ದುಡಿಸಬಾರದು. ಬಿಸಿಲು 37 ಡಿಗ್ರಿ ದಾಟುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಗಾಡಿ ಕಟ್ಟಬಾರದು. ಮೊಳೆ ಹೊಡೆದ ಕೋಲು, ಚೂಪಾದ ಸಲಕರಣೆ ಬಳಸಬಾರದು. ಕಡಿದಾದ ದೂರದ ಏರಿದ್ದರೆ ಹೇರು ಅರ್ಧಕ್ಕೆ ಇಳಿಸಬೇಕು. ಇವೆಲ್ಲ ನಮ್ಮ ಹಿರಿಯರು ಯಾವ ಪುಸ್ತಕವನ್ನೂ ಓದದೆ ಪಾಲಿಸುತ್ತಿದ್ದವೇ. ಬೆಳ್ಳಂಬೆಳಿಗ್ಗೆ ಗಾಡಿ ಕಟ್ಟಿ, ಬಿಸಿಲೇರುವ ಹೊತ್ತಿಗೆ ಬಿಚ್ಚಿ, ಮರದ ನೆರಳಲ್ಲಿ ಮೆಲುಕು ಹಾಕಲು ಬಿಡುತ್ತಿದ್ದರು. ಮೆಲುಕು ಹಾಕಲು ಪುರಸೊತ್ತು ಸಿಗದ ಎತ್ತಿಗೆ ತಿಂದದ್ದು ಮೈಗೆ ಹತ್ತುವುದಿಲ್ಲ.

ಈ ನಿಯಮಗಳು ದುಡಿಸುವವರಿಗೆ ಮಾತ್ರವಲ್ಲ, ದುಡಿಸಲು ಕಾರಣರಾಗುವವರಿಗೂ ಅನ್ವಯಿಸುತ್ತವೆ. ಆದ್ದರಿಂದ ಬಾಡಿಗೆಗೆ ಗಾಡಿ ಕರೆಯುವ ತೋಟದ ಒಡೆಯರಿಗೆ, ಕಾಯಿ ವ್ಯಾಪಾರಿಗಳಿಗೆ, ಮನೆ ಕಟ್ಟಿಸುವವರಿಗೆ ಒಂದು ಮಾತು: "ಇನ್ನೆರಡು ಮೂಟೆ ಹಾಕಪ್ಪ, ಏನಾಗ್ತದೆ" ಎನ್ನುವವರು ನೀವು. ಬೇಡ ಎನ್ನಲು ಗಾಡಿಯವನಿಗೆ ಧೈರ್ಯ ಬಾರದಿರುವುದು ನಾಳೆಯ ಬಾಡಿಗೆ ತಪ್ಪೀತೆಂಬ ಭಯದಿಂದ. ಒಂದು ಹೇರಿಗೆ ಇಷ್ಟು ಎಂದು ಕೊಡುವ ಬದಲು ದಿನಕ್ಕೆ ಇಷ್ಟು ಎಂದು ಮಾತಾಡಿಕೊಳ್ಳಿ. ಹೇರು ತಾನಾಗಿ ಹದಕ್ಕೆ ಬರುತ್ತದೆ.

ಕತ್ತೆಗಳನ್ನು ಮರೆಯಲಾರೆ. ಬೆಟ್ಟದ ಮೇಲಿನ ದೇವಸ್ಥಾನಗಳ ಕೆಲಸಕ್ಕೆ, ಗಾಡಿ ಹೋಗದ ಕಿರುದಾರಿಗಳಲ್ಲಿ ಇಟ್ಟಿಗೆ, ಮರಳು, ಸಿಮೆಂಟ್ ಹೊರುವುದು ಅವೇ. ಕತ್ತೆಯ ಬೆನ್ನಿಗೆ 50 ಕೆ.ಜಿ. ಮೀರಿ ಹೇರಕೂಡದು ಎನ್ನುತ್ತದೆ ನಿಯಮ. ಅಂದರೆ ಒಂದೇ ಒಂದು ಸಿಮೆಂಟ್ ಮೂಟೆ. ಎರಡು ಮೂಟೆ ಹೊತ್ತು ಮೆಟ್ಟಿಲು ಹತ್ತುವ ಕತ್ತೆ ನಿಮ್ಮ ಕಣ್ಣಿಗೆ ಬಿದ್ದರೆ ಒಂದನ್ನು ಇಳಿಸಲು ಹೇಳಿ. ದೇಶದಲ್ಲಿ 2012ರಲ್ಲಿ ಸುಮಾರು 3.2 ಲಕ್ಷ ಇದ್ದ ಕತ್ತೆಗಳು 2019ರ ಜಾನುವಾರು ಗಣತಿಯ ಹೊತ್ತಿಗೆ ಸುಮಾರು 1.2 ಲಕ್ಷಕ್ಕೆ ಇಳಿದಿದ್ದವು. ಉಳಿದಿರುವವಾದರೂ ಬೆನ್ನು ಹುಣ್ಣಾಗದೆ ಬದುಕಲಿ.

ಇನ್ನು ದಾರಿಯ ವಿಷಯ. ಬಿ.ಎಚ್. ರಸ್ತೆಯಲ್ಲಿ, ಬಾಣಾವರದಿಂದ ಜಾವಗಲ್ ದಾಟಿ ಹಳೇಬೀಡು, ಬೇಲೂರಿಗೆ ಹೋಗುವ ದಾರಿಯಲ್ಲಿ ಕತ್ತಲಾದ ಮೇಲೆ ಗಾಡಿ ಹೊಡೆಯುವವರು ಹಿಂಬದಿಗೆ, ನೊಗದ ಎರಡೂ ತುದಿಗೆ ಹೊಳೆಯುವ ಕೆಂಪು ಪಟ್ಟಿ ಅಂಟಿಸಿ. ಎತ್ತಿನ ಕೊಂಬಿಗೂ ಸುತ್ತಬಹುದು. ಅದಕ್ಕೆ ತಗಲುವ ಕಾಸು ಅಲ್ಪ, ಉಳಿಯುವುದು ಮೂರು ಜೀವ. ಗ್ರಾಮ ಪಂಚಾಯಿತಿಯ ಸದಸ್ಯರಲ್ಲಿ ನನ್ನದೊಂದು ಬೇಡಿಕೆ ಇದೆ. ಉದ್ಯೋಗ ಖಾತ್ರಿಯಲ್ಲಿ ಕಟ್ಟಿಸಿದ ಜಾನುವಾರು ತೊಟ್ಟಿಗಳು ನೀರಿಲ್ಲದೆ ಬಿರುಕುಬಿಟ್ಟಿದ್ದರೆ ಈ ಬೇಸಿಗೆಗೆ ಮುಂಚೆ ಸರಿಪಡಿಸಿ ತುಂಬಿಸಿ. ಸಂತೆಗೆ ಹೋಗುವ ದಾರಿಯಲ್ಲಿ ಒಂದಾದರೂ ತೊಟ್ಟಿ ಇರಲಿ.

ಮುದಿಯಾದ ಎತ್ತಿನ ವಿಷಯ ಹೇಳಲು ಕಷ್ಟ, ಹೇಳದೆ ಬಿಡುವುದೂ ಕಷ್ಟ. ಹತ್ತು ಹನ್ನೆರಡು ವರ್ಷ ದುಡಿದ ಜೀವಕ್ಕೆ ಕೊನೆಗಾಲದಲ್ಲಿ ಹುಲ್ಲು ಒದಗಿಸುವುದು ಸಣ್ಣ ಹಿಡುವಳಿಯ ಮನೆಗೆ ಹೊರೆಯೇ. ನಿಮ್ಮ ಕಷ್ಟ ನನಗೆ ಗೊತ್ತಿದೆ. ಆದರೂ ಎಳೆಯಲಾರದ ಎತ್ತನ್ನು ಪೂರ್ತಿ ಹೇರಿನ ಗಾಡಿಗೆ ಹೂಡಬೇಡಿ. ಗಾಯವಾದ, ಕಾಯಿಲೆ ಬಿದ್ದ, ಮುಪ್ಪಿನಿಂದ ಕುಗ್ಗಿದ ಪ್ರಾಣಿಯನ್ನು ದುಡಿಸುವುದು ಕಾಯ್ದೆಯಲ್ಲೂ ಅಪರಾಧ. ಹಗುರ ಕೆಲಸ ಕೊಡಿ, ಕರುಗಳನ್ನು ಪಳಗಿಸುವಾಗ ಪಕ್ಕದಲ್ಲಿ ಹೂಡಿ. ಪಳಗಿದ ಮುದಿ ಎತ್ತಿನ ಜೊತೆ ನಡೆದ ಹೋರಿಗೆ ಏಟು ಬೇಕಾಗುವುದೇ ಇಲ್ಲ ಎಂಬುದು ನಿಮಗೇ ಗೊತ್ತು.

ಕೊನೆಯದಾಗಿ ಒಂದು ಸಲಹೆ. ಯುಗಾದಿಗೆ ನಾವು ಎತ್ತಿನ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಹೊನ್ನಾರು ಹೂಡುತ್ತೇವೆ. ಊರಿನ ಜೋಡಿಗಳೆಲ್ಲ ಒಂದೆಡೆ ಸೇರುವ ದಿನ ಅದು. ಆ ದಿನ ನೇಗಿಲಿಗೆ ಪೂಜೆ ಮಾಡುವ ಮುಂಚೆ ಊರಿನ ಇಬ್ಬರು ಹಿರಿಯರು ಒಂದೊಂದು ಜೋಡಿಯ ಹೆಗಲು, ಗೊರಸು, ಮೂಗುದಾರದ ತೂತು, ನೊಗದ ಅಂಚು ಪರೀಕ್ಷಿಸಲಿ. ಕಿರಿಯರು ಪಕ್ಕದಲ್ಲಿ ನಿಂತು ನೋಡಿ ಕಲಿಯಲಿ. ಬಾವು ಕಂಡ ಎತ್ತಿಗೆ ಆ ವರ್ಷ ಹೊನ್ನಾರು ಬೇಡ, ಔಷಧಿ ಮತ್ತು ಬಿಡುವು ಇರಲಿ. ಆ ಮನೆಯವರ ಗೊಬ್ಬರವನ್ನು ನೆರೆಯವರು ತಮ್ಮ ಗಾಡಿಯಲ್ಲಿ ಹೊಡೆದುಕೊಡಲಿ. ಪಶು ಆಸ್ಪತ್ರೆಯ ವೈದ್ಯರನ್ನೂ ಅವತ್ತು ಕರೆಯಿರಿ. ಇದಕ್ಕೆ ಸರ್ಕಾರದ ಆದೇಶ ಬೇಕಿಲ್ಲ, ಅನುದಾನವೂ ಬೇಕಿಲ್ಲ. ಈ ಯುಗಾದಿಗೆ ಒಂದು ಊರಿನವರು ಶುರು ಮಾಡಿದರೆ ಮುಂದಿನ ಯುಗಾದಿಗೆ ಪಕ್ಕದ ಊರಿನವರು ಮಾಡುತ್ತಾರೆ. ಮೊದಲ ಊರು ನಿಮ್ಮದಾಗಲಿ ಎಂದು ಕೈಮುಗಿದು ಕೇಳುತ್ತೇನೆ.

ಇಂತಿ,
ನಿಮ್ಮ ಸೀಮೆಯ ಒಬ್ಬ ರೈತ
ಅರಸೀಕೆರೆ